ಬೇಯಿಸದ ಎಡೆಯೂ ಪ್ರಸಾದಭಾವವೂ

ಆಹಾರಶುದ್ಧಿಯ ವಿಚಾರವು ಭಕ್ತನ ಮನೆಗೆ ಹೊಸದಲ್ಲ. ಆದರೆ ಅದೀಗ ಹೊಸ ವೇಷವನ್ನು ತೊಟ್ಟು ಬಂದಿದೆ. ಒಲೆಯನ್ನು ಹೊತ್ತಿಸದೆ, ಹಾಲು ಮೊಸರು ತುಪ್ಪಗಳನ್ನೂ ಬಳಸದೆ, ಹಸಿಯ ಕಾಯಿಪಲ್ಯ, ಹಣ್ಣು, ಮೊಳಕೆಕಾಳುಗಳಿಂದಲೇ ಊಟವನ್ನು ಅಣಿಗೊಳಿಸುವ ಪದ್ಧತಿಯು ಕೆಲವು ಮನೆಗಳನ್ನು ಹೊಕ್ಕಿದೆ. ಬೆಂಕಿಯನ್ನು ಕಾಣದ ಆಹಾರವೇ ಶುದ್ಧ, ಬೆಂದುದೆಲ್ಲವೂ ಸತ್ತುದು ಎಂದು ಅದನ್ನು ಹಿಡಿದವರು ವಾದಿಸುವರು. ಹಸಿಯದನ್ನು ಮೆಲ್ಲುವುದು ದನಕರುಗಳ ಕ್ರಮವೆಂದು ಹಿರಿಯರು ಹಾಸ್ಯ ಮಾಡುವರು. ಹೀಗೆ ಒಂದೇ ಮನೆಯಲ್ಲಿ ಮಗನ ತಟ್ಟೆಯೊಂದು, ತಾಯಿಯ ತಟ್ಟೆಯೊಂದು ಆಗಿ, ಲಿಂಗಕ್ಕೆ ಅರ್ಪಿತವಾಗಬೇಕಾದ ಎಡೆಯೇ ಕಲಹಕ್ಕೆ ಕಾರಣವಾಗುವುದುಂಟು. ಅನ್ನದ ಶುದ್ಧಿಯು ಬೆಂಕಿಯಲ್ಲಿದೆಯೋ, ಬೆಂಕಿ ಇಲ್ಲದಿರುವುದರಲ್ಲಿದೆಯೋ, ಇಲ್ಲವೆ ಇವೆರಡನ್ನೂ ಮೀರಿದ ಬೇರೊಂದರಲ್ಲಿದೆಯೋ ಎಂಬುದನ್ನು ಶರಣರ ದೃಷ್ಟಿಯಿಂದ ವಿಚಾರಿಸುವುದು ಆವಶ್ಯಕವಾಗಿದೆ.

ಮೊದಲಿಗೆ ಹೇಳಬೇಕಾದ ಮಾತೆಂದರೆ, ಬೇಯಿಸದ ತಿನಿಸು ಕನ್ನಡ ನಾಡಿಗೆ ಪರಕೀಯವಲ್ಲ. ನೆನೆದ ಹೆಸರುಬೇಳೆಗೆ ಹೆಚ್ಚಿದ ಸೌತೆಕಾಯಿ, ತುರಿದ ಕಾಯಿ, ಉಪ್ಪು, ನಿಂಬೆಯ ರಸಗಳನ್ನು ಬೆರೆಸಿದರೆ ಕೋಸಂಬರಿಯಾಯಿತು. ಒಗ್ಗರಣೆ ಇಲ್ಲದೆಯೂ ಅದು ರುಚಿಗೆಡುವುದಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿಯ ಮೆಂತ್ಯದ ಸೊಪ್ಪು, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ಇಲ್ಲದೆ ಊಟವೇ ಇಲ್ಲ. ಹೆಸರುಕಾಳನ್ನು ಒಂದು ರಾತ್ರಿ ನೆನೆಸಿ, ನೀರನ್ನು ಬಸಿದು, ತೇವದ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನದೊಳಗೆ ಮೊಳಕೆ ತಲೆಯೆತ್ತುವುದು. ಬಾಳೆಹಣ್ಣಿಗೆ ಕಾಯಿಹಾಲು, ಬೆಲ್ಲ, ಏಲಕ್ಕಿಗಳು ಕೂಡಿದರೆ ರಸಾಯನ. ಇವಿಷ್ಟನ್ನು ಒಂದು ತಟ್ಟೆಗೆ ಕೂಡಿಸಿದರೆ ಹಗುರವಾದ ಒಂದು ಹೊತ್ತಿನ ಊಟವೇ ಆಗುವುದು. ಇದಕ್ಕೆ ವಿಶೇಷ ಪರಿಕರವಾಗಲಿ, ದುಬಾರಿಯ ಸಾಮಗ್ರಿಯಾಗಲಿ ಬೇಡ.

ಇದರ ಗುಣವೂ ಅಲ್ಪವಲ್ಲ. ಕಾಯಿಪಲ್ಯಗಳನ್ನು ಬೇಯಿಸುವಾಗ ಅವುಗಳಲ್ಲಿರುವ ಸಿ ಜೀವಸತ್ವದ ಒಂದು ಭಾಗವು ಶಾಖದಿಂದ ನಾಶವಾಗುವುದು, ಮತ್ತೊಂದು ಭಾಗವು ಬಸಿದ ನೀರಿನೊಡನೆ ಹೋಗುವುದು. ಒಣಗಿದ ಕಾಳು ಮೊಳೆತಾಗ ಅದೇ ಜೀವಸತ್ವವು ಅದರಲ್ಲಿ ವೃದ್ಧಿಯಾಗುವುದು. ಇದಕ್ಕಿಂತಲೂ ಹಿರಿದಾದ ಲಾಭವು ಮನೆಯ ಗೃಹಿಣಿಗೆ ಸಲ್ಲುವಂಥದು. ಹೊತ್ತಾರೆ ಎದ್ದು ಒಲೆಯ ಮುಂದೆ ಕುಳಿತವಳು ತನ್ನ ಲಿಂಗಪೂಜೆಯನ್ನೂ ಅವಸರದಲ್ಲಿ ಮುಗಿಸಬೇಕಾಗುವ ಮನೆಗಳು ಎಷ್ಟೋ ಇವೆ. ವಾರದಲ್ಲಿ ಕೆಲವು ಹೊತ್ತಾದರೂ ಒಲೆಗೆ ವಿಶ್ರಾಂತಿ ದೊರೆತರೆ ಆಕೆಗೂ ಇಷ್ಟಲಿಂಗದೊಡನೆ ನಿಶ್ಚಿಂತೆಯಿಂದ ಕೂಡುವ ಸಮಯ ದೊರೆಯುವುದು. ಸ್ತ್ರೀಗೂ ಪುರುಷನಿಗೂ ಸಮಾನವಾಗಿ ಲಿಂಗಧಾರಣೆಯನ್ನು ವಿಧಿಸಿದ ಧರ್ಮದಲ್ಲಿ ಇದು ಸಣ್ಣ ವಿಷಯವಲ್ಲ.

ಆದರೆ ಗುಣವನ್ನು ಹೇಳಿ ಮಿತಿಯನ್ನು ಮರೆಮಾಡುವುದು ಸತ್ಯಶುದ್ಧವಾದ ಮಾತಾಗದು. ಅಕ್ಕಿ, ಜೋಳ, ಗೆಣಸುಗಳಲ್ಲಿರುವ ಪಿಷ್ಟವು ಬೆಂದಾಗಲೇ ಸುಲಭವಾಗಿ ಜೀರ್ಣವಾಗುವುದು. ಗಜ್ಜರಿಯೊಳಗಿನ ಪೋಷಕಾಂಶವು ಬೆಂದ ಮೇಲೆ ದೇಹಕ್ಕೆ ಹೆಚ್ಚಾಗಿ ದಕ್ಕುವುದು. ರಾಜ್ಮಾ ಕಾಳನ್ನು ಹಸಿಯಾಗಿ ತಿಂದರೆ ಅದು ವಿಷವೇ ಸರಿ. ಮೊಳಕೆಗೆ ಬೇಕಾದ ತೇವ ಮತ್ತು ಬೆಚ್ಚನೆಯ ಹವೆಯೇ ರೋಗಾಣುಗಳಿಗೂ ಹಿತವಾದುದರಿಂದ, ಗರ್ಭಿಣಿಯರು, ಎಳೆಯ ಮಕ್ಕಳು, ಮುದುಕರು, ರೋಗದಿಂದ ಸೊರಗಿದವರು ಮೊಳಕೆಯನ್ನು ಬೇಯಿಸಿಯೇ ಉಣ್ಣುವುದು ಕ್ಷೇಮಕರ. ಹಾಲನ್ನೂ ಸಂಪೂರ್ಣವಾಗಿ ತ್ಯಜಿಸಿದವರು ಬಿ ಹನ್ನೆರಡು ಎಂಬ ಜೀವಸತ್ವವನ್ನು ಬೇರೆಯಾಗಿ ಸೇವಿಸಬೇಕಾಗುವುದು. ಸಸ್ಯಾಹಾರದಿಂದ ಮಾತ್ರವೇ ಅದು ಬೇಕಾದಷ್ಟು ದೊರೆಯದು.

ಈ ಮಾರ್ಗದಲ್ಲಿ ನಡೆದು ನೋಡಿದವರಲ್ಲಿ ಮಹಾತ್ಮಾ ಗಾಂಧಿಯವರೂ ಒಬ್ಬರು. 1929ರಲ್ಲಿ ಅವರು ಬೇಯಿಸದ ಆಹಾರದ ಪ್ರಯೋಗವನ್ನು ಕೈಕೊಂಡು, ಅದರ ವಿವರಗಳನ್ನು ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವು ತಿಂಗಳುಗಳಲ್ಲಿ ದೇಹವು ಒಪ್ಪದಿರಲು, ಅದನ್ನು ಮುಚ್ಚಿಡದೆ ಪ್ರಯೋಗವನ್ನು ನಿಲ್ಲಿಸಿದರು. ಇದಕ್ಕೂ ಮೊದಲು ಹಾಲನ್ನು ಬಿಡುವ ವ್ರತವನ್ನು ತೊಟ್ಟಿದ್ದ ಅವರು, 1918ರಲ್ಲಿ ಆರಂಭವಾದ ತೀವ್ರ ಕಾಯಿಲೆಯ ತರುವಾಯ ಆಡಿನ ಹಾಲನ್ನು ಸ್ವೀಕರಿಸಿದರು. ವ್ರತದ ಅಕ್ಷರವು ಉಳಿದರೂ ಅದರ ಆತ್ಮಕ್ಕೆ ಭಂಗ ಬಂದಿತೆಂದು ಆತ್ಮಕಥೆಯಲ್ಲಿ ಮರುಗಿದರು. ಆಹಾರದ ನಿಯಮವನ್ನು ಹಿಡಿಯುವವನಿಗೆ ಈ ಎರಡು ಪ್ರಸಂಗಗಳಲ್ಲಿಯೂ ಪಾಠವಿದೆ. ಅಕ್ಷರವನ್ನು ಕಾಯುವುದು ಸುಲಭ, ಭಾವವನ್ನು ಕಾಯುವುದು ಕಠಿಣ.

ಅಕ್ಷರವನ್ನೇ ಹಿಡಿದು ಹೊರಟರೆ ಎಲ್ಲಿ ನಿಲ್ಲುವುದು? ರಸಾಯನದ ಬೆಲ್ಲವು ಕೊಪ್ಪರಿಗೆಯಲ್ಲಿ ಕುದಿದು ಬಂದುದು. ನೆನೆಸಿ ತಿನ್ನುವ ಅವಲಕ್ಕಿಯು ಕುಟ್ಟುವ ಮೊದಲು ಹುರಿಯಲ್ಪಟ್ಟುದು. ಬೆಂಕಿಯ ಸೋಂಕಿಲ್ಲದ ಊಟವೆಂದು ಹೆಮ್ಮೆಪಡುವವನ ತಟ್ಟೆಯಲ್ಲಿಯೇ ಬೆಂಕಿಯು ಮೌನವಾಗಿ ಕುಳಿತಿದೆ. ಶರಣರು ಶುದ್ಧಿಯನ್ನು ಪದಾರ್ಥದ ಜಾತಿಯಲ್ಲಿ ಹುಡುಕಲಿಲ್ಲ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವು ಮೂರನೆಯದು. ಪದಾರ್ಥವು ಹಸಿಯದಾಗಲಿ ಬೆಂದುದಾಗಲಿ, ಸತ್ಯಶುದ್ಧ ಕಾಯಕದಿಂದ ಬಂದು, ಲಿಂಗಕ್ಕೆ ಅರ್ಪಿತವಾಗಿ, ಹಂಚಿ ಉಂಡಾಗ ಪ್ರಸಾದವೆನಿಸುವುದು. ಅನ್ಯಾಯದ ಹಣದಿಂದ ಕೊಂಡ ಹಣ್ಣು ಬೆಂಕಿಯನ್ನು ಕಾಣದಿದ್ದರೂ ಅಶುದ್ಧವೇ. ದುಡಿದ ಕೈಯ ಅಂಬಲಿಯು ದಿನವಿಡೀ ಕುದಿದರೂ ಶುದ್ಧವೇ.

12ನೆಯ ಶತಮಾನದ ಕಲ್ಯಾಣದಲ್ಲಿ ಮೋಳಿಗೆಯ ಮಾರಯ್ಯನ ಕಾಯಕವು ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರುವುದು. ಊರಿನ ಒಲೆಗಳನ್ನು ಉರಿಸುವ ಕಟ್ಟಿಗೆಯೇ ಆತನಿಗೆ ಕೈಲಾಸದ ಮೆಟ್ಟಿಲಾಯಿತು. ಆತನ ಮನೆಯ ಅಂಬಲಿಯನ್ನು ಬಸವಣ್ಣನವರು ಸವಿದರೆಂಬ ಕಥೆಯನ್ನು ಭಕ್ತರು ಇಂದಿಗೂ ನೆನೆಯುವರು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಇನ್ನೂ ಸೂಕ್ಷ್ಮವಾದುದು. ಗಂಡನು ಒಂದು ದಿನ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಅಕ್ಕಿಯನ್ನು ಬೇಯಿಸಬೇಕೋ ಬೇಡವೋ ಎಂಬುದು ಆಕೆಯ ಚಿಂತೆಯಾಗಿರಲಿಲ್ಲ. ಎಷ್ಟು ತನ್ನದು, ಎಷ್ಟು ಪರರದು ಎಂಬುದೇ ಆಕೆಯ ಚಿಂತೆ. ಇಂದಿನ ಗೃಹಸ್ಥನು ತಟ್ಟೆಯನ್ನು ಪರೀಕ್ಷಿಸುವಾಗ ಕೇಳಬೇಕಾದ ಮೊದಲನೆಯ ಪ್ರಶ್ನೆಯೂ ಅದೇ.

ಹಾಲಿನ ವಿಷಯದಲ್ಲಿಯೂ ಹೀಗೆಯೇ ತಿಳಿಯತಕ್ಕುದು. ಕರುವಿನ ಪಾಲನ್ನು ಕಸಿಯಲಾರೆನೆಂದು ಒಬ್ಬನು ಹಾಲನ್ನು ಬಿಟ್ಟರೆ ಅದು ದಯೆಯ ನಡೆ. ಅದನ್ನು ಹಿರಿಯರು ಗೌರವಿಸಬೇಕು. ಆದರೆ ಅದೇ ದಯೆಯು ತಾಯಿಯ ಬಟ್ಟಲಿನ ಮಜ್ಜಿಗೆಯನ್ನು ಕಂಡು ಮುಖ ಸಿಂಡರಿಸುವಂತಾದರೆ, ಆಕಳಿಗೆ ಸಂದ ಕರುಣೆಯು ತಾಯಿಗೆ ಸಲ್ಲದೆ ಹೋಯಿತು. ಅದು ವ್ರತದ ರೂಪವನ್ನು ತಾಳಿದ ಅಹಂಕಾರವಲ್ಲದೆ ಬೇರಲ್ಲ.

ಕಡೆಯದಾಗಿ ದಾಸೋಹದ ವಿಚಾರ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ನಿತ್ಯವೂ ಅನ್ನ ದೊರೆಯುತ್ತಿದೆ. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಆ ದಾಸೋಹಕ್ಕೆ ತಮ್ಮ ಬಾಳನ್ನೇ ಸವೆಸಿದರು. ಹಸಿದ ಮಗುವಿಗೆ ಬಿಸಿಯ ಮುದ್ದೆಯನ್ನು ನೀಡುವ ಆ ಒಲೆಯನ್ನು ಅಶುದ್ಧವೆನ್ನುವ ಎದೆಗಾರಿಕೆ ಯಾರಿಗಿದೆ? ಹಾಗೆಯೇ ಮನೆಗೆ ಬಂದ ಜಂಗಮನು ಹಲ್ಲಿಲ್ಲದ ವೃದ್ಧನಾಗಿದ್ದರೆ, ಆತನ ಮುಂದೆ ಹಸಿಯ ಮೂಲಂಗಿಯನ್ನಿಟ್ಟು ತನ್ನ ನೇಮವನ್ನು ಹೇಳುವವನು ನೇಮವನ್ನು ಉಳಿಸಿಕೊಂಡು ದಾಸೋಹವನ್ನು ಕಳೆದುಕೊಂಡಂತೆ. ತನಗೆ ಹಸಿಯ ಎಡೆ ಸಾಕೆನ್ನುವ ಭಕ್ತನು ಬಂದವರಿಗಾಗಿ ಒಲೆಯನ್ನು ಹೊತ್ತಿಸಲು ಹಿಂಜರಿಯಬಾರದು. ಹೊತ್ತಿಸುವ ಭಾರವನ್ನು ಮಡದಿಯೊಬ್ಬಳ ಮೇಲೆಯೇ ಹೊರಿಸಲೂಬಾರದು.

ಹೀಗೆ ನೋಡಿದಾಗ ಬೇಯಿಸದ ಊಟವು ನಿಂದ್ಯವೂ ಅಲ್ಲ, ಪರಮವೂ ಅಲ್ಲ. ಅದು ದೇಹವನ್ನು ಹಗುರಗೊಳಿಸಿ ಕಾಯಕಕ್ಕೆ ಅಣಿಮಾಡಿದರೆ, ಮನೆಯವರ ಶ್ರಮವನ್ನು ತಗ್ಗಿಸಿ ಪೂಜೆಗೆ ಬಿಡುವನ್ನು ಕೊಟ್ಟರೆ, ಮಿತವನ್ನು ಕಲಿಸಿದರೆ, ಸದ್ಭಕ್ತರು ಅದನ್ನು ಸಂತೋಷದಿಂದ ಸ್ವೀಕರಿಸಬಹುದು. ಅದರಿಂದ ಪಂಕ್ತಿಭೇದ ಹುಟ್ಟುವುದಾದರೆ ಅದನ್ನು ಕೈಬಿಡುವುದೇ ಲೇಸು. ಮಗನ ಕೋಸಂಬರಿಯೂ ತಾಯಿಯ ಮಜ್ಜಿಗೆಯನ್ನವೂ ಒಂದೇ ಪಂಕ್ತಿಯಲ್ಲಿ ಲಿಂಗಾರ್ಪಿತವಾಗುವ ಮನೆಯಲ್ಲಿ ಪ್ರಸಾದಭಾವವು ನೆಲೆಗೊಳ್ಳುವುದೆಂಬುದರಲ್ಲಿ ಸಂದೇಹವಿಲ್ಲ.