ಯಂತ್ರ ಗೆದ್ದ ಮೇಲೆ ಆಟವೇಕೆ?

ಚದುರಂಗದಲ್ಲಿ ಗಣಕಯಂತ್ರವು ಮನುಷ್ಯನನ್ನು ಸೋಲಿಸಬಲ್ಲುದೇ ಎಂಬುದು ಒಂದು ಕಾಲಕ್ಕೆ ದೊಡ್ಡ ವಾದವಾಗಿತ್ತು. ಬೇಗ ಲೆಕ್ಕ ಮಾಡುವುದು ಬೇರೆ, ವಿಚಾರ ಮಾಡುವುದು ಬೇರೆ ಎಂದು ಅನೇಕರು ಹೇಳುತ್ತಿದ್ದರು. 1996ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವಿಶ್ವವಿಜೇತ ಗ್ಯಾರಿ ಕಾಸ್ಪರೋವ್ ಅವರು ಡೀಪ್ ಬ್ಲೂ ಎಂಬ ಯಂತ್ರವನ್ನು 4-2ರಿಂದ ಸೋಲಿಸಿದಾಗ ಆ ಮಾತು ನಿಜವೆನಿಸಿತು. ಆದರೆ ಅದೇ ಯಂತ್ರ ಇನ್ನಷ್ಟು ವೇಗ ಪಡೆದು 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಮತ್ತೆ ಎದುರಾಯಿತು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತ 3½-2½ರಿಂದ ಗೆದ್ದಿತು.

ಇಂದು ಆ ವಾದವೇ ಉಳಿದಿಲ್ಲ. ಕೈಯಲ್ಲಿಯ ಮೊಬೈಲು ಸಹ ವಿಶ್ವವಿಜೇತನಿಗಿಂತ ಚೆನ್ನಾಗಿ ಆಡಬಲ್ಲುದು. ಹಾಗೆಂದು ಮನುಷ್ಯರು ಚದುರಂಗವನ್ನು ಬಿಟ್ಟರೇ? ಬಿಡಲಿಲ್ಲ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಮ್ಮ ದೇಶದ 18 ವರ್ಷದ ಗುಕೇಶ್, ಚೀನದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವವಿಜೇತನಾದ. ಕೊನೆಯ ಆಟದಲ್ಲಿ ಡಿಂಗ್ ಒಂದು ತಪ್ಪು ನಡೆ ನಡೆಸಿದರು. ಗೆದ್ದ ಹುಡುಗ ಕಣ್ಣೀರು ಹಾಕಿದ. ಯಂತ್ರಕ್ಕೆ ಆ ಅಂಜಿಕೆಯೂ ಇಲ್ಲ, ಆ ಕಣ್ಣೀರೂ ಇಲ್ಲ.

ಇಲ್ಲೊಂದು ಮಾತನ್ನು ನಾವು ಗಮನಿಸಬೇಕು. ದೊಡ್ಡ ಪಂದ್ಯಗಳಲ್ಲಿ ಆಟಗಾರರು ಮೊಬೈಲು ಇಟ್ಟುಕೊಳ್ಳುವಂತಿಲ್ಲ. ಒಳ್ಳೆಯ ನಡೆಯಷ್ಟೇ ಮುಖ್ಯವಾಗಿದ್ದರೆ ಯಂತ್ರವನ್ನು ಕೇಳಿ ಆಡುವುದರಲ್ಲಿ ತಪ್ಪೇನಿತ್ತು? ಆದರೂ ಎಲ್ಲರೂ ಅದನ್ನು ಮೋಸವೆನ್ನುತ್ತಾರೆ. 1997ರಲ್ಲಿ ಕಾಸ್ಪರೋವ್ ಅವರಿಗೆ ಯಂತ್ರದ ಹಿಂದೆ ಮನುಷ್ಯನ ಕೈ ಇದೆಯೇನೋ ಎಂಬ ಸಂಶಯ ಬಂದಿತ್ತು. ಯಂತ್ರ ಮಾಡಿದವರು ಅದನ್ನು ಅಲ್ಲಗಳೆದರು. ಇಂದಿನ ಸಂಶಯ ಮನುಷ್ಯನ ಹಿಂದೆ ಯಂತ್ರವಿದೆಯೇ ಎಂಬುದು. ಎರಡರಲ್ಲಿಯೂ ಕೇಳುವುದು ಒಂದೇ: ಈ ನಡೆ ಯಾರದು?

ರೈತರೂ ವ್ಯಾಪಾರಸ್ಥರೂ ಆದ ನಮಗೂ ಈ ಪ್ರಶ್ನೆ ದೂರದ್ದಲ್ಲ. ಎತ್ತಿಗಿಂತ ಟ್ರ್ಯಾಕ್ಟರ್ ಹೆಚ್ಚು ಉಳುತ್ತದೆಂದು ರೈತನ ಮಾನ ಹೋಗುವುದಿಲ್ಲ. ಅಂಗಡಿಯ ಕಿರ್ದಿಯನ್ನು ಯಂತ್ರ ಕೂಡಿಸಿದರೆ ಲೆಕ್ಕ ಸುಳ್ಳಾಗುವುದಿಲ್ಲ. ಅಲ್ಲಿ ನಮಗೆ ಬೇಕಾದುದು ಬೆಳೆ ಮತ್ತು ಮೊತ್ತ. ಅದನ್ನು ಯಂತ್ರ ಮಾಡಲಿ. ಆದರೆ ಮಗು ಪರೀಕ್ಷೆಯಲ್ಲಿ ಬರೆಯುವ ಉತ್ತರ, ಮಳೆ ಕೈಕೊಟ್ಟ ವರ್ಷ ಸಾಲ ಕೇಳಲು ಬಂದವನಿಗೆ ನಾವು ಕೊಡುವ ಮಾತು, ಕಷ್ಟದಲ್ಲಿರುವ ನೆರೆಯವನ ಬಳಿ ಕುಳಿತುಕೊಳ್ಳುವುದು, ಇವುಗಳಲ್ಲಿ ಬೇಕಾದುದು ಆ ಮನುಷ್ಯನೇ. ಇವನ್ನು ಬೇರೆಯವರಿಂದ ಮಾಡಿಸಿ ನಮ್ಮದೆಂದರೆ ಅದು ಕಳವೇ ಸರಿ.

ನಮ್ಮ ಬೆಲೆಯನ್ನು ವೇಗದ ಮೇಲೆ ಕಟ್ಟಿದರೆ, ಹೆಚ್ಚು ವೇಗದ್ದು ಬಂದ ದಿನ ಅದು ಹೋಗಿಯೇ ತೀರುತ್ತದೆ. ಮಕ್ಕಳಿಗೆ ‘ಎಲ್ಲರಿಗಿಂತ ಮುಂದಾಗು’ ಎಂದಷ್ಟೇ ಹೇಳುವ ನಾವು, ‘ನೀನೇ ಮಾಡು, ತಪ್ಪಿದರೆ ತಿದ್ದಿಕೋ’ ಎಂಬುದನ್ನೂ ಹೇಳುತ್ತಿದ್ದೇವೆಯೇ? ಈ ರಾತ್ರಿ ಮಲಗುವ ಮುನ್ನ ಒಮ್ಮೆ ವಿಚಾರಿಸಿಕೊಳ್ಳೋಣ.