ಹಳೆಯ ಸೇತುವೆಯ ಋಣ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಇಲ್ಲಿ ಕಡೆದ ವಿಗ್ರಹಗಳು ಹೊಸ ಗುಡಿಗಳಿಗಷ್ಟೇ ಅಲ್ಲ, ಜೀರ್ಣೋದ್ಧಾರವಾಗುವ ಹಳೆಯ ಗುಡಿಗಳಿಗೂ ಬೇಕಾಗುತ್ತವೆ. ಮೂರ್ತಿ ಸ್ವಲ್ಪ ಮುಕ್ಕಾದರೆ ಸರಿಪಡಿಸಬಹುದು. ಅಂಗವೇ ಭಗ್ನವಾದರೆ ಅದು ಪೂಜೆಗೆ ಸಲ್ಲದು ಎನ್ನುತ್ತದೆ ಆಗಮದ ಸಂಪ್ರದಾಯ. ಆಗ ಹಳೆಯ ಮೂರ್ತಿಯ ಶಕ್ತಿಯನ್ನು ಕಲಶದ ನೀರಿಗೆ ಆವಾಹಿಸಿ, ಕಲ್ಲನ್ನು ವಿಸರ್ಜಿಸಿ, ಹೊಸ ಮೂರ್ತಿಯನ್ನು ಪ್ರತಿಷ್ಠಾಪಿಸುತ್ತಾರೆ. ದೇವರು ಅದೇ, ಕಲ್ಲು ಮಾತ್ರ ಬೇರೆ.

ಹಳ್ಳಿಯ ಹಳೆಯ ಸೇತುವೆ ಕೆಡವಿ ಉಕ್ಕಿನ ಕಮಾನು ಸೇತುವೆ ಕಟ್ಟುವಾಗಲೂ ಕೇಳಬೇಕಾದ ಪ್ರಶ್ನೆ ಇದೇ: ಯಾವುದನ್ನು ಬಿಡಬೇಕು, ಯಾವುದನ್ನು ಮುಂದಕ್ಕೆ ದಾಟಿಸಬೇಕು?

ವಯಸ್ಸೊಂದೇ ಇದಕ್ಕೆ ಉತ್ತರ ಹೇಳದು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಎರಡು ಶತಮಾನ ದಾಟಿವೆ. ಕಾರವಾರದ ಕಾಳಿ ನದಿಯ ಸೇತುವೆಯಾದರೋ ಸುಮಾರು ನಾಲ್ಕು ದಶಕದಷ್ಟೇ ಹಳೆಯದು. 2024ರ ಆಗಸ್ಟ್ 7ರ ನಡುರಾತ್ರಿ ಕಳಚಿ ಬಿತ್ತು. ಅದರೊಡನೆ ನದಿಗೆ ಬಿದ್ದ ಲಾರಿಯ ಚಾಲಕ ಬದುಕಿ ಬಂದದ್ದು ಪುಣ್ಯ. ಪಕ್ಕದಲ್ಲಿ ಹೊಸ ಸೇತುವೆ ಆಗಲೇ ಇತ್ತು. ಹಳೆಯದರ ಮೇಲೂ ವಾಹನಗಳು ಓಡುತ್ತಿದ್ದವು. ಹೊಸದನ್ನು ಕಟ್ಟಿದ ಮಾತ್ರಕ್ಕೆ ಹಳೆಯದರ ಹೊಣೆ ತೀರುವುದಿಲ್ಲ.

ಸೇತುವೆಯೆಂದರೆ ಅಪರಿಚಿತನಿಗೆ ಕೊಟ್ಟ ಮಾತು. ಬಸ್ಸಿನಲ್ಲಿ ನಿದ್ದೆ ಹೋದವನು ಕಂಬಗಳನ್ನು ಪರೀಕ್ಷಿಸಿ ಬಂದಿರುವುದಿಲ್ಲ. ಅವನ ಪರವಾಗಿ ಯಾರೋ ನೋಡಿದ್ದಾರೆ ಎಂಬ ನಂಬಿಕೆಯೇ ಅವನನ್ನು ಆಚೆ ದಡಕ್ಕೆ ಒಯ್ಯುತ್ತದೆ. ಬಿಡಬಹುದಾದದ್ದು ಕಲ್ಲು, ಗಾರೆ. ದಾಟಿಸಬೇಕಾದದ್ದು ಈ ಮಾತು.

ಹಾಗಾದರೆ ನೆನಪಿಗೆ ಬೆಲೆಯಿಲ್ಲವೆ? ಇದೆ. ಅಜ್ಜ ಕಲ್ಲು ಹೊತ್ತ ಸೇತುವೆ ಮೊಮ್ಮಗನಿಗೆ ಬರೀ ರಸ್ತೆಯಲ್ಲ. ಆದರೆ ನೆನಪಿನ ಬೆಲೆಯನ್ನು ನೆನಪುಳ್ಳವರೇ ತೆರಬೇಕು. ದಿನವೂ ಅದರ ಮೇಲೆ ಶಾಲೆಗೆ ಹೋಗುವ ಮಗುವಿನ ಜೀವದಿಂದ ತೆರುವಂತಿಲ್ಲ. ಗಟ್ಟಿಯಾಗಿ ಉಳಿದಿರುವ ಹಳೆಯ ಸೇತುವೆಯನ್ನು ಭಾರದಿಂದ ಬಿಡಿಸಿ ಕಾಲುನಡಿಗೆಗೆ ಉಳಿಸಿಕೊಳ್ಳಬಹುದು. ಅದೂ ಆಗದಿದ್ದರೆ ಗೌರವದಿಂದ ಬೀಳ್ಕೊಡುವುದೇ ಸರಿ.

ಉಕ್ಕಿನ ಕಮಾನೂ ಶಾಶ್ವತವಲ್ಲ. ಅದು ತನ್ನ ಭಾರವನ್ನು ಎರಡೂ ದಡಗಳ ಮೇಲೆ ಒತ್ತಿ ನಿಲ್ಲುತ್ತದೆ; ದಡ ಕದಲಿದರೆ ಕಮಾನು ಸೋಲುತ್ತದೆ. ಮಳೆಗೆ ತುಕ್ಕು ಹಿಡಿಯುತ್ತದೆ, ಬೋಲ್ಟು ಸಡಿಲವಾಗುತ್ತದೆ, ಬಣ್ಣ ಮತ್ತೆ ಮತ್ತೆ ಬೇಕಾಗುತ್ತದೆ. ಪ್ರತಿಷ್ಠೆ ಒಂದು ದಿನದ ಹಬ್ಬ, ಪೂಜೆ ನಿತ್ಯದ ಕೆಲಸ ಎಂಬುದು ಗುಡಿಯಲ್ಲಿ ಎಲ್ಲರಿಗೂ ಗೊತ್ತು. ಸೇತುವೆಯ ವಿಷಯದಲ್ಲಿ ನಾವು ಟೇಪು ಕತ್ತರಿಸಿ ಮನೆಗೆ ಹೋಗುತ್ತೇವೆ. ಹಳೆಯ ಸೇತುವೆಗೆ ನಾವು ಸಲ್ಲಿಸಬೇಕಾದ ಋಣ, ಹೊಸದನ್ನು ಪ್ರತಿ ಮಳೆಗಾಲದ ಮೊದಲು ಹೋಗಿ ನೋಡುವುದು.