ಬಳ್ಳಾರಿ ಬಾಟ್ಲಿ ಅಲ್ಲ ತಾನೆ?

ಅಕ್ಕನನ್ನು ಹರಿಹರದಿಂದ ದಾವಣಗೆರೆಗೆ ಹೆರಿಗೆಗೆ ಕರ್ಕೊಂಡು ಬಂದದ್ದು 2025ರ ಜನವರಿಯಲ್ಲಿ. ನಾರ್ಮಲ್ ಆಗುತ್ತೆ ಅಂತಿದ್ದ ಡಾಕ್ಟರು ಸಂಜೆ ಹೊತ್ತಿಗೆ ಸಿಸೇರಿಯನ್ ಅಂದರು. ಭಾವ ಮೂರು ಕಡೆ ಸೈನ್ ಹಾಕಿದರು, ಓದಲಿಲ್ಲ. ಓದೋ ಹೊತ್ತೂ ಅದಲ್ಲ. ಸಿಸ್ಟರ್ ಬಾಟ್ಲಿ ಹಿಡ್ಕೊಂಡು ಒಳಗೆ ಹೊರಟಾಗ ನಮ್ಮವ್ವ ಅಡ್ಡ ನಿಂತು ಕೇಳಿದಳು: "ಇದು ಬಳ್ಳಾರಿ ಬಾಟ್ಲಿ ಅಲ್ಲ ತಾನೆ?"

ನನಗೆ ನಾಚಿಕೆಯಾಯ್ತು. "ಸುಮ್ನಿರವ್ವಾ" ಅಂದೆ. ಸಿಸ್ಟರ್ ಬೇಜಾರು ಮಾಡ್ಕೊಳ್ಳದೆ ಲೇಬಲ್ ನಮ್ಮ ಕಡೆ ತಿರುಗಿಸಿದರು. ರಿಂಗರ್ ಲ್ಯಾಕ್ಟೇಟ್, 500 ಎಂಎಲ್, ಬೇರೆ ಕಂಪನಿ. ಸಮಾಧಾನ ಆಯ್ತು. ಆದರೆ ಯಾವ ಆಧಾರದ ಮೇಲೆ? ಆ ಹೆಸರಲ್ಲ ಅನ್ನೋದು ಬಿಟ್ಟರೆ ಬಾಟ್ಲಿ ಬಗ್ಗೆ ಅವ್ವನಿಗಿಂತ ಹೆಚ್ಚೇನೂ ನನಗೂ ಗೊತ್ತಿರಲಿಲ್ಲ.

ಅವ್ವ ಹೇಳಿದ್ದು 2024ರ ನವೆಂಬರಿನ ಸುದ್ದಿ. ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ದಿನಗಳಲ್ಲಿ 34 ಸಿಸೇರಿಯನ್ ಆದವು. ಏಳು ಬಾಣಂತಿಯರ ಸ್ಥಿತಿ ಬಿಗಡಾಯಿಸಿತು, ಐವರು ತೀರಿಕೊಂಡರು. ಗುಮಾನಿ ಬಂದದ್ದು ಪಶ್ಚಿಮ್ ಬಂಗಾ ಫಾರ್ಮಾಸ್ಯುಟಿಕಲ್ಸ್ ಕಂಪನಿಯ ರಿಂಗರ್ ಲ್ಯಾಕ್ಟೇಟ್ ಮೇಲೆ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು.

ಆ ದ್ರಾವಣದಲ್ಲಿ ಇರೋದೇನು? ನೀರು, ಉಪ್ಪು, ಒಂಚೂರು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್. ಇಷ್ಟೇ. ಕೆಟ್ಟದ್ದು ಬಾಯಿಂದ ಹೋದರೆ ವಾಂತಿಯಾದರೂ ಆದೀತು; ರಕ್ತನಾಳಕ್ಕೆ ಅಂಥ ಕಾವಲಿಲ್ಲ. ಬಿಸಿಯಲ್ಲಿ ಬ್ಯಾಕ್ಟೀರಿಯಾ ಸತ್ತರೂ ಅದರ ವಿಷ, ಎಂಡೋಟಾಕ್ಸಿನ್, ಉಳಿದುಬಿಡಬಹುದು. ಬಾಟ್ಲಿ ಮಾತ್ರ ತಿಳಿನೀರಿನಂತೆಯೇ ಕಾಣುತ್ತದೆ. ಡಾಕ್ಟರಿಗೂ ಗೊತ್ತಾಗಲ್ಲ, ಸಿಸ್ಟರಿಗೂ ಗೊತ್ತಾಗಲ್ಲ. ಎಲ್ಲರೂ ಲ್ಯಾಬಿನ ಮಾತು ನಂಬಬೇಕು.

ಇಲ್ಲಿ ಲ್ಯಾಬುಗಳೇ ಎರಡು ಮಾತಾಡಿದ್ದವು. ಅದೇ ಕಂಪನಿಯ ಕೆಲವು ಬ್ಯಾಚುಗಳು ಗುಣಮಟ್ಟದಲ್ಲಿಲ್ಲ ಅಂತ ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು. ಸರಿಯಾಗಿವೆ ಅಂತ ಕೋಲ್ಕತ್ತದ ಕೇಂದ್ರ ಪ್ರಯೋಗಾಲಯ ಹೇಳಿತು. ಕಾನೂನಿನ ಪ್ರಕಾರ ಕೇಂದ್ರದ ವರದಿಯೇ ಅಂತಿಮ. ತಪ್ಪು ಸಾಬೀತಾಗೋವರೆಗೆ ಆರೋಪಿ ನಿರಪರಾಧಿ ಅನ್ನೋ ತತ್ವವನ್ನು ನಾವು ಬಾಟ್ಲಿಗೂ ಹಚ್ಚಿಬಿಟ್ಟೆವೇನೋ ಅನ್ನಿಸುತ್ತೆ. ಆರೋಪಿಯನ್ನು ಸುಮ್ನೆ ಕೂಡಿಹಾಕಿದರೆ ಒಬ್ಬ ಮನುಷ್ಯನ ಬದುಕು ಹಾಳು. ಬಾಟ್ಲಿಯನ್ನು ಗೋಡೌನಿನಲ್ಲಿ ಕೂಡಿಹಾಕಿದರೆ ಕಂಪನಿಗೆ ನಷ್ಟ, ನಿಜ. ಆದರೆ ಸಂಶಯದ ಲಾಭ ಅದಕ್ಕೆ ಕೊಟ್ಟರೆ ಪಣಕ್ಕಿಡೋದು ಬಾಣಂತಿಯ ಜೀವವನ್ನು.

ಇದೂ ಅಷ್ಟು ಸಲೀಸಲ್ಲ. ಅನುಮಾನ ಬಂದ ಸ್ಟಾಕನ್ನೆಲ್ಲ ತಡೆದರೆ, ರಕ್ತ ಹರಿದು ಮಲಗಿದವಳಿಗೆ ಹಾಕೋಕೆ ಬೇರೆ ಬಾಟ್ಲಿ ಇರಬೇಕಲ್ಲ? ಸಣ್ಣ ಊರಿನ ಆಸ್ಪತ್ರೆಗೆ ಆ ಪ್ರಶ್ನೆ ಇನ್ನೂ ಕಷ್ಟ. ಹಾಗಾಗಿ ಹೆಚ್ಚುವರಿ ಸ್ಟಾಕಿಗೆ, ಮರುಪರೀಕ್ಷೆಗೆ ದುಡ್ಡು ಹಾಕಬೇಕಾಗುತ್ತದೆ. ಅದು ಸರ್ಕಾರದ ದುಡ್ಡು, ಅಂದ್ರೆ ನಮ್ಮದು. ಹೆಲ್ತ್ ಇನ್ಶೂರೆನ್ಸ್ ಕಾರ್ಡ್ ಹಿಡ್ಕೊಂಡು ಪ್ರೈವೇಟಿಗೆ ಹೋಗೋ ನನ್ನಂಥವರು ಇದರ ಬಗ್ಗೆ ಯಾವತ್ತಾದರೂ ದನಿ ಎತ್ತಿದ್ದೀವಾ? ನಾನಂತೂ ಇಲ್ಲ.

ರಾತ್ರಿ ಎರಡನೇ ಬಾಟ್ಲಿ ಬಂತು. ಅವ್ವ ಮತ್ತೆ ಅದನ್ನೇ ಕೇಳಿದಳು. ಈ ಸಲ ನಾನು ಸುಮ್ನಿರು ಅನ್ನಲಿಲ್ಲ. ಮೊಬೈಲ್ ತೆಗೆದು ಬ್ಯಾಚ್ ನಂಬರಿನ ಫೋಟೋ ಹೊಡ್ಕೊಂಡೆ.